ಕಾರಿನ ತಗಡಿಗೆ ಯಾವ ವೆಲ್ಡಿಂಗ್?

ಟಿಗ್ ವೆಲ್ಡಿಂಗ್ (ಟಂಗ್‌ಸ್ಟನ್ ಸೂಜಿಯ ಬಿಸಿಯಲ್ಲಿ ತಗಡು ಕರಗಿಸಿ, ಬೇರೆ ಕಡ್ಡಿಯಿಂದ ತುಂಬಿಸೋದು) ವಿಡಿಯೋ ನೋಡಿದ ಹುಡುಗರೆಲ್ಲ ಈಗ ಕೇಳೋದು ಒಂದೇ: "ಅಣ್ಣಾ, ಕಾರಿನ ಬಾಡಿಗೂ ಟಿಗ್ಗೇ ಒಳ್ಳೇದಲ್ವಾ?" ಕಾರವಾರದಲ್ಲಿ ಟಿಂಕರಿಂಗ್ ಮಾಡುವ ನಾನು ಹೇಳೋದು, ಬೇಡ. ಹಳೇ ಕಾರಿನ ರಿಪೇರಿಗೆ ಮಿಗ್ಗೇ ಸರಿ, ಅಂದರೆ ನಾವು ಸಿಓಟು ಅನ್ನೋ ಮಷಿನ್. ಅದರಲ್ಲಿ ವೈರು ತಾನಾಗೇ ಬಂದು ಕರಗುತ್ತೆ, ಬೆಸುಗೆಗೆ ಗಾಳಿ ತಾಗದ ಹಾಗೆ ಕಾರ್ಬನ್ ಡೈಆಕ್ಸೈಡಿನಂಥ (ಸಿಓಟು) ಗ್ಯಾಸ್ ಕಾಯುತ್ತೆ. ಅದರಲ್ಲೂ 0.6 ಎಂಎಂ ವೈರು ಹಾಕಿ. 0.8 ವೈರು ಸುಲಭವಾಗಿ ಸಿಗುತ್ತೆ, ಆದರೆ ಅದು ಕರಗಬೇಕಾದರೆ ಕರೆಂಟು ಜಾಸ್ತಿ ಕೊಡಬೇಕು, ಆ ಬಿಸಿಗೆ ತಗಡೇ ತೂತಾಗುತ್ತೆ.

ಡೋರು, ಫೆಂಡರುಗಳ ತಗಡು ಇರೋದೇ ಸುಮಾರು 0.7ರಿಂದ 0.8 ಎಂಎಂ. ತುಕ್ಕು ಹಿಡಿದ ಕಡೆ ಅದಕ್ಕಿಂತಲೂ ತೆಳು. ಕಡ್ಡಿ ವೆಲ್ಡಿಂಗಿನ ಮಾತೇ ಬೇಡ. ಗ್ಯಾಸ್ ವೆಲ್ಡಿಂಗಿನಲ್ಲಿ ನಮ್ಮ ಹಿರಿಯ ಮೇಸ್ತ್ರಿಗಳ ಕೈಚಳಕ ದೊಡ್ಡದು, ಅವರ ಬಗ್ಗೆ ನನಗೆ ಗೌರವ ಇದೆ. ಆದರೂ ಜ್ವಾಲೆಯ ಬಿಸಿ ಸುತ್ತಲೂ ಹರಡಿ ತಗಡು ಉಬ್ಬಿ ಅಲೆ ಬರುತ್ತೆ, ಅದನ್ನು ಮುಚ್ಚೋಕೆ ದಪ್ಪ ಪುಟ್ಟಿ ಬಳಿಯಬೇಕಾಗುತ್ತೆ.

ಟಿಗ್ಗಿನ ಬೆಸುಗೆ ಮೃದು, ಸುತ್ತಿಗೆಯಿಂದ ತಟ್ಟಿ ಮಟ್ಟ ಮಾಡಬಹುದು. ಬೆಂಚಿನ ಮೇಲೆ ಹೊಸ ತಗಡಿನಲ್ಲಿ ಪ್ಯಾನೆಲ್ ಮಾಡುವಾಗ ಅದಕ್ಕೆ ಸಾಟಿಯಿಲ್ಲ. ಆದರೆ ಅದಕ್ಕೆ ಹಿಂದೆ ಮುಂದೆ ಎರಡೂ ಕಡೆ ಚೊಕ್ಕ ಲೋಹ ಬೇಕು. ಮೀನು ಸಾಗಿಸಿದ ಓಮ್ನಿಯ ಫ್ಲೋರ್ ಬಿಚ್ಚಿ ನೋಡಿ. ಬೈತಖೋಲದ ಮೀನುಗಾರಿಕೆ ಬಂದರಿನಿಂದ ಮೀನು ತುಂಬಿ ಹೊರಟ ಗಾಡಿಯಲ್ಲಿ ಐಸು ಕರಗಿದ ಉಪ್ಪುನೀರು ಮ್ಯಾಟಿನ ಕೆಳಗೆ ಇಳಿದು, ಪೆಟ್ಟಿಗೆಯ ಹಾಗಿರೋ ಭಾಗಗಳೆಲ್ಲ ಒಳಗಿಂದಲೇ ಪದರು ಪದರಾಗಿ ಎದ್ದಿರುತ್ತೆ. ಅದರ ಹಿಂಬದಿಯನ್ನು ಉಜ್ಜೋಕೆ ಕೈಯೇ ಹೋಗಲ್ಲ. ಅಲ್ಲಿ ಗಾಡಿಯ ಕೆಳಗೆ ಮಲಗಿ ಒಂದು ಕೈಯಲ್ಲಿ ಟಿಗ್ಗಿನ ವೆಲ್ಡಿಂಗ್ ಟಾರ್ಚ್, ಇನ್ನೊಂದರಲ್ಲಿ ತುಂಬಿಸೋ ಕಡ್ಡಿ ಹಿಡಿಯೋದು ಸಾಧ್ಯವಾ?

ಮಿಗ್ಗಿನಲ್ಲೂ ಗೆರೆ ಎಳೆದ ಹಾಗೆ ಓಡಿಸಬಾರದು. ಟ್ರಿಗರ್ ಒತ್ತಿ ಒಂದು ಚುಕ್ಕಿ, ಬಿಡಿ. ಕೆಂಪು ಆರಲಿ. ಮುಂದಿನ ಚುಕ್ಕಿ ಪಕ್ಕದಲ್ಲಿ ಅಲ್ಲ, ತುಂಡಿನ ಇನ್ನೊಂದು ತುದಿಯಲ್ಲಿ. ಹೀಗೆ ಸುತ್ತುತ್ತಾ ಚುಕ್ಕಿಗಳ ನಡುವಿನ ಜಾಗ ತುಂಬಿಸುತ್ತಾ ಬಂದರೆ ತಗಡು ಸೊಟ್ಟಗಾಗಲ್ಲ. ಕರೆಂಟು, ವೈರಿನ ಸ್ಪೀಡಿನ ಹೊಂದಿಕೆ ಸರಿ ಇದ್ದರೆ ಎಣ್ಣೆಯಲ್ಲಿ ಹಪ್ಪಳ ಕರಿದ ಹಾಗೆ ಒಂದೇ ಸಮನೆ ಸದ್ದು ಬರುತ್ತೆ, ಪಟಪಟ ಸಿಡಿದರೆ ವೈರಿನ ಸ್ಪೀಡ್ ನೋಡಿ. ಬರೀ ಸಿಓಟುಗಿಂತ 80 ಭಾಗ ಆರ್ಗಾನ್, 20 ಭಾಗ ಸಿಓಟು ಇರೋ ಮಿಕ್ಸ್ ಗ್ಯಾಸಿಗೆ ದುಡ್ಡು ಜಾಸ್ತಿ, ಆದರೂ ತೆಳು ತಗಡಿಗೆ ಅದೇ ಹಾಕಿ, ಕಿಡಿ ಸಿಡಿಯೋದು ಬಹಳ ಕಡಿಮೆ. ಮಧ್ಯಾಹ್ನ ಕಡಲ ಗಾಳಿ ಎದ್ದ ಮೇಲೆ ಶಟರ್ ತೆರೆದಿಟ್ಟು ಮಾತ್ರ ವೆಲ್ಡ್ ಮಾಡಬೇಡಿ. ಗ್ಯಾಸೆಲ್ಲ ಹಾರಿ ಬೆಸುಗೆಯ ತುಂಬ ಸಣ್ಣ ಸಣ್ಣ ತೂತು ಬೀಳುತ್ತೆ.

ನನಗೆ ನಿಜವಾಗಿ ಬೇಸರ ತರಿಸೋದು ಮಷಿನ್ನಿನ ವಿಷಯ ಅಲ್ಲ, ತೇಪೆ. ತುಕ್ಕಿನ ಮೇಲೇ ಹೊಸ ತುಂಡು ಇಟ್ಟು ಸುತ್ತ ಅಂಟಿಸಿಬಿಡುತ್ತಾರೆ. ಎರಡು ತಗಡಿನ ಸಂದಿಯಲ್ಲಿ ಉಪ್ಪುನೀರು ನಿಂತು, ಗಾಡಿಯ ಮಾಲೀಕ ಕೊಟ್ಟ ದುಡ್ಡು ಮಳೆಗಾಲದಲ್ಲೇ ಕರಗುತ್ತೆ. ಘಟ್ಟದ ಮೇಲಿನ ಗಾಡಿಗೆ ಹೇಗೋ ನಡೆದೀತು, ಕರಾವಳಿಯ ಗಾಡಿಗೆ ನಡೆಯಲ್ಲ. ಒಳ್ಳೇ ತಗಡು ಸಿಗೋವರೆಗೂ ಕತ್ತರಿಸಿ, ಅಂಚಿಗೆ ಅಂಚು ಕೂರಿಸಿ ಬೆಸೆಯಿರಿ. ಆಮೇಲೆ ಹಿಂಬದಿಗೆ ಪ್ರೈಮರ್, ಪೆಟ್ಟಿಗೆಯೊಳಗೆ ಮೇಣದ ಸ್ಪ್ರೇ. ನೀರು ಇಳಿಯೋ ತೂತುಗಳನ್ನು ಮುಚ್ಚಬೇಡಿ.

ಸತು ಲೇಪಿಸಿದ ತಗಡಾದರೆ ಲೇಪ ಉಜ್ಜಿ ತೆಗೆದೇ ಶುರು ಮಾಡಿ. ಸತು ಸುಟ್ಟು ಏಳೋ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತೆ. ಹೊಸ ಕಾರುಗಳ ಪಿಲ್ಲರ್, ಅಂದರೆ ಮೇಲ್ಛಾವಣಿ ಹೊತ್ತ ಕಂಬ, ಬೇರೆಯೇ ಕಥೆ. ಅದು ಹೆಚ್ಚು ಬಲದ ಉಕ್ಕು, ಬಿಸಿ ತಾಗಿದ ಜಾಗದಲ್ಲಿ ಬಲ ಕಳೆದುಕೊಳ್ಳುತ್ತೆ. ಎಲ್ಲಿ ಕತ್ತರಿಸಬೇಕು, ಹೇಗೆ ಬೆಸೆಯಬೇಕು ಅನ್ನೋದನ್ನು ತಯಾರಕರ ರಿಪೇರಿ ಮ್ಯಾನುಯಲ್ ನೋಡಿಯೇ ಮಾಡಬೇಕು. ಮ್ಯಾನುಯಲ್ ಕೈಯಲ್ಲಿ ಇಲ್ಲದಿದ್ದರೆ ಆ ಕೆಲಸ ನಾನು ಒಪ್ಪಿಕೊಳ್ಳೋದಿಲ್ಲ.