ಸುದ್ದಿಯಲ್ಲಿ ಮನುಷ್ಯನಿಗೆ ತೋಳ ಅನ್ನೋದು ಸರೀನಾ? ಪರ, ವಿರೋಧ

ಪರ

ತೋಳ ನಮ್ಮ ಪತ್ರಿಕೆಗಳಿಗೆ ಹೊಸಬನೇನಲ್ಲ. "ತೋಳ ಬಂತು ತೋಳ" ಅಂತ ಹೆಡ್‌ಲೈನ್ ಹಾಕಿದ್ರೆ ಸಾಕು, ಯಾರೋ ಪದೇ ಪದೇ ಸುಳ್ಳು ಎಚ್ಚರಿಕೆ ಕೊಡ್ತಿದ್ದಾರೆ, ಜನ ನಂಬೋದು ಬಿಟ್ಟಿದ್ದಾರೆ, ನಿಜವಾಗ್ಲೂ ಅಪಾಯ ಬಂದ ದಿನ ಯಾರೂ ತಿರುಗಿ ನೋಡಲ್ಲ ಅನ್ನೋ ಅಷ್ಟೂ ಮಾತು ಓದುಗನಿಗೆ ತಲುಪಿಬಿಡುತ್ತೆ. ಬಿಡಿಸಿ ಹೇಳೋಕೆ ಹೋದ್ರೆ ಒಂದು ಪ್ಯಾರಾ ಬೇಕು, ಅಷ್ಟು ಜಾಗ ಎಲ್ಲಿದೆ?

ಅದೂ ಅಲ್ದೆ ತೋಳ ಅಂದ ತಕ್ಷಣ ಬೈಗುಳ ಅಂತ ಯಾಕೆ ತಿಳ್ಕೋಬೇಕು. "ತೋಳ ಹಳ್ಳಕ್ಕೆ ಬಿದ್ರೆ ಆಳಿಗೊಂದು ಕಲ್ಲು" ಅನ್ನೋ ಗಾದೆ ಅಧಿಕಾರ ಕಳ್ಕೊಂಡ ನಾಯಕನ ಸುದ್ದಿಗೆ ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ, ಅಲ್ಲಿ ಮಾತು ಚುಚ್ಚೋದು ಕಲ್ಲು ಹೊಡೆಯೋರಿಗೆ, ಹಳ್ಳದಲ್ಲಿ ಬಿದ್ದಿರೋ ತೋಳಕ್ಕಲ್ಲ. ಭೀಮನಿಗೆ ವೃಕೋದರ ಅಂತ ಹೆಸರು. ವೃಕ ಅಂದ್ರೆ ತೋಳ, ತೋಳದ ಹೊಟ್ಟೆಯವನು ಅಂತ ಅರ್ಥ, ಗೀತೆಯ ಮೊದಲನೇ ಅಧ್ಯಾಯದಲ್ಲಿ ಪೌಂಡ್ರ ಶಂಖ ಊದುವಾಗ ಅವನನ್ನ ಕರೆದಿರೋದೇ ಈ ಹೆಸರಿಂದ, ಅದು ಅವಮಾನ ಅಂತ ಯಾರಿಗೂ ಅನ್ಸಿಲ್ಲ.

ಇನ್ನು "ಒಂಟಿ ತೋಳ", ಅಂದ್ರೆ ಯಾವ ಸಂಘಟನೆನೂ ಇಲ್ದೆ ಒಬ್ಬನೇ ದಾಳಿ ಮಾಡೋನು. 2011ರ ಜುಲೈ 22ಕ್ಕೆ ನಾರ್ವೆಯಲ್ಲಿ ಒಬ್ಬನೇ ಮನುಷ್ಯ ಓಸ್ಲೋದಲ್ಲಿ ಬಾಂಬ್ ಇಟ್ಟು, ಆಮೇಲೆ ಒಂದು ದ್ವೀಪಕ್ಕೆ ಹೋಗಿ ಗುಂಡು ಹಾರಿಸಿ, ಒಟ್ಟು 77 ಜನರನ್ನ ಕೊಂದ. ಮೇಲಿಂದ ಆದೇಶ ಇಲ್ಲ, ಜೊತೆಗಾರರಿಲ್ಲ, ಹಾಗಾಗಿ ಪೊಲೀಸರು ಕದ್ದು ಕೇಳೋಕೆ ಫೋನ್ ಮಾತುಕತೆನೂ ಇಲ್ಲ. ಸಂಘಟನೆ ನಡೆಸೋ ದಾಳಿಗೂ ಇದಕ್ಕೂ ಇರೋ ವ್ಯತ್ಯಾಸ ಸಣ್ಣದಲ್ಲ, ಆ ವ್ಯತ್ಯಾಸಕ್ಕೆ ಒಂದು ಹೆಸರು ಬೇಕು, ಭದ್ರತೆ ನೋಡ್ಕೊಳ್ಳೋರೂ ಈ ಹೆಸರನ್ನೇ ಬಳಸ್ತಾರೆ. ವರದಿಗಾರ ಬೇರೆ ಪದ ಕಟ್ಟೋಕೆ ಕೂತ್ರೆ ಓದೋರಿಗೆ ಗೊಂದಲ ಆಗುತ್ತೆ ಅಷ್ಟೇ.

ವಿರೋಧ

ಗಾದೆ ಬಗ್ಗೆ ನನ್ನ ತಕರಾರಿಲ್ಲ. "ತೋಳ ಬಂತು ತೋಳ" ಇರ್ಲಿ, ವೃಕೋದರನೂ ಇರ್ಲಿ. ಕೊಲೆಗಾರನಿಗೆ, ಅತ್ಯಾಚಾರಿಗೆ ತೋಳ ಅನ್ನೋದು ನಿಲ್ಬೇಕು ಅಂತ ನಾನು ಹೇಳ್ತಿರೋದು.

"ಒಂಟಿ ತೋಳ" ಕನ್ನಡದ ಮಾತೇ ಅಲ್ಲ, ಒಂಟಿಯಾಗಿ ಅಲೆಯೋ ಅಪಾಯಕ್ಕೆ ನಮ್ಮಲ್ಲಿರೋದು ಒಂಟಿ ಸಲಗ. ಲೋನ್ ವುಲ್ಫ್ ಅನ್ನೋದನ್ನ ಪದಕ್ಕೆ ಪದ ಇಟ್ಟು ತಂದ್ಕೊಂಡಿದ್ದೀವಿ, ಆ ಪದ ಹೇಗೆ ಹಬ್ಬಿತು ಅಂತ ನೋಡಿದ್ರೆ ಸಂಕಟ ಆಗುತ್ತೆ: 1990ರ ದಶಕದಲ್ಲಿ ಅಮೆರಿಕದ ಬಿಳಿಯ ಜನಾಂಗದ್ವೇಷಿ ಮುಖಂಡರು ತಮ್ಮವರಿಗೆ ಗುಂಪು ಕಟ್ಕೊಂಡು ಸಿಕ್ಕಿಬೀಳಬೇಡಿ, ಒಬ್ಬೊಬ್ಬರೇ ಹೊಡೀರಿ ಅಂತ ಹುರಿದುಂಬಿಸೋಕೆ ಬಳಸಿ ಬಳಸಿ ಇದನ್ನ ಜನಪ್ರಿಯ ಮಾಡಿದ್ರು. ಅಂದ್ರೆ ಅದು ಅವರ ಪಾಲಿಗೆ ಬಿರುದು. ಆ ಬಿರುದನ್ನ ನಾವು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಹಾಕ್ತೀವಿ. 2019ರಲ್ಲಿ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರನ್ನ ಕೊಂದವನ ಹೆಸರನ್ನೇ ನಾನು ಹೇಳಲ್ಲ ಅಂತ ನ್ಯೂಜಿಲೆಂಡ್ ಪ್ರಧಾನಿ ಜಸಿಂಡಾ ಆರ್ಡರ್ನ್ ಸಂಸತ್ತಿನಲ್ಲಿ ಹೇಳಿದ್ರು, ಅವನಿಗೆ ಬೇಕಾಗಿದ್ದ ಕುಖ್ಯಾತಿ ಕೊಡಬಾರದು ಅಂತ. ಆ ಎಚ್ಚರ ನಮಗ್ಯಾಕಿಲ್ಲ? ಅಲ್ಲದೆ ಅವನು ಒಂಟಿ ಅನ್ನೋದಾದ್ರೂ ಎಷ್ಟು ನಿಜ, ಕೊಲ್ಲೋದನ್ನ ಇಂಟರ್‌ನೆಟ್‌ನಲ್ಲಿ ಲೈವ್ ತೋರಿಸಿದ, ನೋಡೋರು ಇದ್ದಾರೆ ಅಂತ ಗೊತ್ತಿದ್ದೇ ತೋರಿಸಿದ.

ನಿಜವಾದ ಒಂಟಿ ತೋಳ ಯಾರು ಗೊತ್ತಾ? ತೋಳದ ಗುಂಪು ಅಂದ್ರೆ ಸಾಮಾನ್ಯವಾಗಿ ಒಂದು ಸಂಸಾರ, ಅಪ್ಪ ಅಮ್ಮ ಮರಿಗಳು. ಬೆಳೆದ ಮರಿ ಸಂಗಾತಿ ಹುಡುಕ್ಕೊಂಡು, ತನ್ನದೇ ಜಾಗ ಹುಡುಕ್ಕೊಂಡು ಹೊರಡುತ್ತೆ, ಅದು ಒಂಟಿ ತೋಳ. "ಆಲ್ಫಾ" ನಾಯಕ, ಅಂದ್ರೆ ಹೊಡೆದಾಡಿ ಗುಂಪನ್ನ ಆಳೋ ತೋಳದಂಥವನು ಅಂತ ರಾಜಕೀಯ ಸುದ್ದೀಲಿ ಬರೀತಾರಲ್ಲ, ಆ ಕಲ್ಪನೆ ಬೇರೂರಿದ್ದು ಬೋನಲ್ಲಿ ಕೂಡಿಹಾಕಿದ ತೋಳಗಳನ್ನ ನೋಡಿ 1947ರಲ್ಲಿ ಬರೆದ ಅಧ್ಯಯನದಿಂದ. 1970ರ ತಮ್ಮ ಪುಸ್ತಕದಲ್ಲಿ ಅದನ್ನ ಹಬ್ಬಿಸಿದ ವಿಜ್ಞಾನಿ ಡೇವಿಡ್ ಮೀಚ್, ಕಾಡಲ್ಲಿ ಹಾಗಿಲ್ಲ ಅಂತ ಗೊತ್ತಾದ ಮೇಲೆ ಆ ಪುಸ್ತಕದ ಮುದ್ರಣ ನಿಲ್ಲಿಸಿ ಅಂತ ಪ್ರಕಾಶಕರನ್ನ ಕೇಳ್ಕೊಂಡ್ರು. ವಿಜ್ಞಾನಿ ತಿದ್ಕೊಂಡ್ರು, ನಾವು ತಿದ್ಕೊಂಡಿಲ್ಲ.

ನನಗೆ ತುಂಬಾ ನೋವಾಗೋದು ಅತ್ಯಾಚಾರದ ವರದೀಲಿ "ತೋಳದಂತೆ ಎರಗಿದ" ಅಂತ ಓದಿದಾಗ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ (ಎನ್‌ಸಿಆರ್‌ಬಿ) ಲೆಕ್ಕದಲ್ಲಿ ವರ್ಷ ವರ್ಷವೂ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಕೇಸುಗಳಲ್ಲಿ ಆರೋಪಿ ಆ ಹೆಣ್ಣಿಗೆ ಪರಿಚಯದವನೇ: ಬಂಧು, ನೆರೆಯವನು, ಗೆಳೆಯ. ತೋಳ ಅಂದಾಗ ಅವನು ಎಲ್ಲೋ ಕಾಡಿಂದ ಬಂದವನ ಹಾಗೆ ಆಗ್ತಾನೆ, ದಿನಾ ಮನೆಗೆ ಬಂದು ಹೋಗ್ತಿದ್ದವನು ಅನ್ನೋದು ಮರೆತುಹೋಗುತ್ತೆ. ಪ್ರಾಣಿಗೆ ಕೋರ್ಟಿಲ್ಲ, ಇವನಿಗಿದೆ.

2024ರಲ್ಲಿ ಉತ್ತರ ಪ್ರದೇಶದ ಬಹ್ರೈಚ್ ಕಡೆ ತೋಳಗಳು ನಿಜವಾಗ್ಲೂ ಮಕ್ಕಳನ್ನ ಕೊಂದಾಗ ಬರೆಯಬೇಕಾಗಿದ್ದು ಬೇಕಾದಷ್ಟಿತ್ತು, ಬಾಗಿಲಿಲ್ಲದ ಮನೆಗಳು, ಹೊರಗೆ ಮಲಗೋ ಮಕ್ಕಳು, ತೋಳಕ್ಕೆ ಉಳಿದಿರೋ ಜಾಗ. ಆದ್ರೆ ರಾಕ್ಷಸ, ರಕ್ತಪಿಪಾಸು ಅನ್ನೋ ಪದಗಳು ಮೊದಲೇ ರೆಡಿ ಇದ್ವು. ಭಾರತದಲ್ಲಿ ಉಳಿದಿರೋ ತೋಳಗಳು ಎರಡು ಮೂರು ಸಾವಿರ ಅಂತ ಅಂದಾಜು.

ಹೆಡ್‌ಲೈನಲ್ಲಿ ಜಾಗ ಇಲ್ಲ ಅಂತೀರಾ, "ಒಂಟಿ ತೋಳ ದಾಳಿ" ಮೂರು ಪದ, "ಒಬ್ಬನಿಂದಲೇ ದಾಳಿ" ಎರಡೇ.