ಕಣದ ಮೇಲೆ ಸೋಮಾಟಿಕ್

ನಾನು ಕೊಡಗಿನ ಒಂದು ಕಾಫಿ ತೋಟದಲ್ಲಿ ರೈಟರ್. ಕತೆ ಬರೆಯುವ ರೈಟರ್ ಅಲ್ಲ, ಚೆಕ್‌ರೋಲ್ ಬರೆಯುವ ರೈಟರ್. ಯಾರು ಬಂದರು, ಯಾರು ಬರಲಿಲ್ಲ, ಯಾರು ಎಷ್ಟು ಕೆಜಿ ಕುಯ್ದರು, ಇಷ್ಟೇ ನನ್ನ ಸಾಹಿತ್ಯ. ಈ ಸಲದ ಕುಯ್ಲಿನಲ್ಲಿ ಆ ಸಾಹಿತ್ಯಕ್ಕೂ ಸಂಕಟ ಬಂತು.

ಸಾಹುಕಾರರ ಮಗಳು ಬೆಂಗಳೂರಿನಿಂದ ಬಂದು ಹಳೇ ಬಂಗಲೆಯಲ್ಲಿ ಸೋಮಾಟಿಕ್ ಶಿಬಿರ ಶುರು ಮಾಡಿದರು. ಮೂರು ದಿನದ ಫೀಸು ನನ್ನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಬೋರ್ಡ್ ನೋಡಿದ ಮೇಸ್ತ್ರಿ, "ಇದೆಂತ ರೈಟರೇ, ಸೋಮವಾರಪೇಟೆ ಕಡೆಯವರದ್ದಾ?" ಅಂದ. ಅಲ್ಲ ಮಾರಾಯ, ಗ್ರೀಕ್ ಭಾಷೆಯಲ್ಲಿ ಸೋಮ ಅಂದರೆ ದೇಹ ಅಂತೆ. ಥಾಮಸ್ ಹನ್ನಾ ಅಂತ ಅಮೆರಿಕದ ಒಬ್ಬ ತತ್ವಶಾಸ್ತ್ರದ ಮೇಷ್ಟ್ರು 1970ರ ದಶಕದಲ್ಲಿ ಸೋಮಾಟಿಕ್ಸ್ ಅನ್ನುವ ಹೆಸರಿಟ್ಟರಂತೆ. ದೇಹವನ್ನು ಹೊರಗಿನಿಂದ ನೋಡುವುದಲ್ಲ, ಒಳಗಿನಿಂದ ಅರಿಯುವುದು ಅಂತ ಬಿಡಿಸಿ ಹೇಳಿದೆ. ಮೇಸ್ತ್ರಿ ಬಂಗಲೆಯ ಜಗಲಿ ಕಡೆ ಇಣುಕಿದ. 12 ಜನ ಚಾಪೆ ಮೇಲೆ ಮಲಗಿ, ಅರ್ಧ ಗಂಟೆಯಿಂದ ಬಲ ಸೊಂಟವನ್ನು ಒಂದಿಂಚು ಎತ್ತುತ್ತಿದ್ದರು, ಇಳಿಸುತ್ತಿದ್ದರು.

"ಸೋಮ ಅಲ್ಲ, ಸೋಮಾರಿ," ಅಂದ.

ಹಾಗೆ ನಗಬಾರದು. ಈ ಪಾಠಗಳ ಮೂಲಪುರುಷರಲ್ಲಿ ಒಬ್ಬರಾದ ಮೋಶೆ ಫೆಲ್ಡೆನ್‌ಕ್ರೈಸ್ (1904–1984) ಎಂಜಿನಿಯರು, ಜೂಡೋ ಪಟು. ಫುಟ್‌ಬಾಲ್ ಆಡಿ ಮೊಣಕಾಲು ಕೆಡಿಸಿಕೊಂಡು, ತನ್ನ ನಡಿಗೆಯನ್ನು ತಾನೇ ಗಮನಿಸಿ ದಾರಿ ಹುಡುಕಿದವರು. ನಿಧಾನ ಯಾಕೆ ಅನ್ನುವುದಕ್ಕೂ ಲೆಕ್ಕ ಇದೆ. 50 ಕೆಜಿ ಮೂಟೆ ಹೊತ್ತವನಿಗೆ ಒಂದು ಹಿಡಿ ಕಾಫಿ ಜಾಸ್ತಿ ಹಾಕಿದರೆ ಗೊತ್ತಾಗುವುದಿಲ್ಲ. ಖಾಲಿ ಅಂಗೈ ಮೇಲೆ ಅದೇ ಹಿಡಿ ಇಟ್ಟು ನೋಡಿ! ಶ್ರಮ ಕಡಿಮೆಯಾದಷ್ಟೂ ಸಣ್ಣ ವ್ಯತ್ಯಾಸ ಮೈಗೆ ತಿಳಿಯುತ್ತದೆ. ಮಾತು ಸರಿಯಾಗೇ ಇದೆ. ಆ ಪುಣ್ಯಾತ್ಮ ನಮ್ಮ ಸಾಹುಕಾರರನ್ನು ನೋಡಿರಲಿಲ್ಲ, ಅಷ್ಟೆ.

ಎರಡನೇ ದಿನ 'ಅರಿವಿನ ನಡಿಗೆ'. ಜಾಗ ಯಾವುದು? ಕಾಫಿ ಒಣಗಿಸುವ ಕಣ. ಹಣ್ಣು ಒಣಗಲು 12–15 ದಿನದ ಬಿಸಿಲು ಬೇಕು, ಆಗಾಗ ತಿರುವುತ್ತಾ ಇರಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ದಿನಾ ಎರಡಾಳು ಇಡುತ್ತಿದ್ದೆವು. ಈಗ 12 ಜನ ಬರಿಗಾಲಲ್ಲಿ, ಕಣ್ಣು ಅರೆ ಮುಚ್ಚಿ, ಹಣ್ಣಿನ ಮೇಲೆ ಪಾದ ಎಳೆಯುತ್ತಾ ಸಾಲಾಗಿ ಹೊರಟರು. "ಅಂಗಾಲಿನ ಅಂಟನ್ನು ಗಮನಿಸಿ. ನಿಮ್ಮ ಭಾರ ಎಲ್ಲಿ ಬೀಳುತ್ತಿದೆ ಅಂತ ಕೇಳಿಕೊಳ್ಳಿ," ಅಂದರು ಶಿಬಿರದ ಗುರುಗಳು. ಒಬ್ಬರು ಅತ್ತೇಬಿಟ್ಟರು. ಸಾಹುಕಾರರು ನನ್ನ ಪಕ್ಕ ನಿಂತು ಕಣ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮಾರನೇ ದಿನದಿಂದ ಕಣದ ಎರಡಾಳನ್ನು ಕುಯ್ಲಿಗೆ ಕಳಿಸಿದೆವು.

ರಾತ್ರಿ ಬೆಂಕಿ ಸುತ್ತ ಕೂತು ತತ್ವಚಿಂತನೆ. ಕೈ ನಾನೋ, ಕೈ ನನ್ನದೋ? ಹನ್ನೊಂದು ಗಂಟೆಯಾದರೂ ತೀರ್ಮಾನ ಆಗಲಿಲ್ಲ. ನಮ್ಮ ಆಳುಗಳು ಇರುವ ಲೈನ್ ಮನೆಗಳಲ್ಲಿ ಇದು ಇತ್ಯರ್ಥವಾಗಿ ಎಷ್ಟೋ ವರ್ಷ ಆಯಿತು. ಕುಯ್ಲಿನ ಹೊತ್ತಿನಲ್ಲಿ ಕೈ ಸಾಹುಕಾರರದ್ದು. ಸಂಜೆ ತೂಕ ಮುಗಿದ ಮೇಲೆ, ಅನ್ನಕ್ಕಿಡುವ ಕೈ ಮನೆಯವರದ್ದು. ನೋವು ಮಾತ್ರ ಅವರವರದ್ದೇ.

ನೋವು ಅಂದೆನಲ್ಲ. ಕುಯ್ಲಿನ ಅಕ್ಕ ಒಬ್ಬಳಿಗೆ ಸೊಂಟ ಹಿಡಿದು ಎರಡು ವರ್ಷ. "ರೈಟರಣ್ಣ, ಅಲ್ಲಿ ಸೊಂಟ ಸರಿ ಮಾಡ್ತಾರಂತಲ್ಲ, ನಂಗೂ ಒಂಚೂರು ಕೇಳ್ತೀರಾ?" ಅಂದಳು. ಕೇಳಿದೆ. ಶಿಬಿರ ಅತಿಥಿಗಳಿಗೆ ಮಾತ್ರ ಅಂದರು. ಆದರೆ ಗುರುಗಳಿಗೆ ಅಷ್ಟರಲ್ಲಿ ಏನೋ ಹೊಳೆಯಿತು. ಮಧ್ಯಾಹ್ನ ಅವಳನ್ನು ಕರೆಸಿದರು. ತಲೆ ಮೇಲೆ ಮೂಟೆ ಹೊರಿಸಿ, ಹುಲ್ಲಿನ ಮೇಲೆ ಹೋಗಿ ಬಂದು ಮಾಡಿಸಿದರು. "ನೋಡಿ, ಬೆನ್ನು ಎಷ್ಟು ನೇರ! ಇದು ನಾವು ಮರೆತ ದೇಹ," ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆರು ಸುತ್ತು ನಡೆಸಿದರು. "ಭಾರ ಎಲ್ಲಿ ಬೀಳ್ತದೆ ಅಂತ ಕೇಳಿದ್ರು. ಸೊಂಟಕ್ಕೆ ಅಂದೆ. ಬರ್ಕೊಂಡ್ರು," ಅಂದಳು ವಾಪಸ್ ಬಂದು.

ಸಂಜೆ ಅವಳು ಕುಯ್ದ ಹಣ್ಣಿನ ತೂಕ ಕಡಿಮೆ ಬಂತು. ನಮ್ಮಲ್ಲಿ ಕೂಲಿ ಕೆಜಿ ಲೆಕ್ಕ. ಶಿಬಿರದ ಒಂದೂವರೆ ಗಂಟೆಯನ್ನು ಕೆಲಸ ಅಂತ ಬರೆಯಲಾ ಅಂತ ಕೇಳಿದೆ. "ಕೆಲಸ ಎಲ್ಲಿ ಮಾಡಿದ್ಲು? ಸುಮ್ನೆ ನಡೆದಳು ಅಷ್ಟೆ," ಅಂದರು ಸಾಹುಕಾರರು. ಹಾಗಾದರೆ ಕಣದ ಮೇಲೆ ನಡೆದ 12 ಜನ? "ಅವರು ದುಡ್ಡು ಕೊಟ್ಟಿದ್ದಾರಲ್ಲ ಮಾರಾಯ."

ಚೆಕ್‌ರೋಲ್‌ನಲ್ಲಿ ಹಾಗೇ ಬರೆದಿದ್ದೇನೆ. ಅಕ್ಕನ ಹೆಸರಿನ ಮುಂದೆ ದಿನಕ್ಕಿಂತ 20 ಕೆಜಿ ಕಮ್ಮಿ. ಕಣದ ಕೆಲಸಕ್ಕೆ ಆಳು: ಸೊನ್ನೆ. ಕಾಫಿ ಚೆನ್ನಾಗೇ ಒಣಗಿದೆ, ಮುಷ್ಟಿಯಲ್ಲಿ ಹಿಡಿದು ಅಲುಗಾಡಿಸಿದರೆ ಗಲಗಲ ಅನ್ನುತ್ತದೆ.