ಎಫ್‌ಸಿ ಗೋವಾ: 13 ಪಂದ್ಯದ ಸೀಸನ್ನು, ಕೊನೆಯ ಐದು ನಿಮಿಷದ ಕಾಯಿಲೆ

ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ನಡೆಯುತ್ತೋ ಇಲ್ಲವೋ ಅನ್ನುವ ತಲೆಬಿಸಿ ಅಂತೂ ಮುಗೀತು. 2026ರ ಫೆಬ್ರವರಿ 14ಕ್ಕೆ ಶುರು. ವಾಸ್ಕೊ, ಬೈನಾ, ಝುವಾರಿನಗರ, ಮಡಗಾಂವ್ ಕಡೆಯ ನಮ್ಮ ಕನ್ನಡ ಮಂದಿಯ ವಾಟ್ಸಾಪ್ ಗುಂಪುಗಳಲ್ಲಿ ಈಗ ಎಲ್ಲಿ ನೋಡಿದರೂ ಒಂದೇ ಪ್ರಶ್ನೆ: "ಈ ಸಲ ಸ್ಟ್ರೈಕರ್ ಯಾರು?" ಆ ಪ್ರಶ್ನೆಗೆ ಅಷ್ಟು ಬೆಲೆ ಇಲ್ಲ ಅನ್ನೋದು ನನ್ನ ವಾದ. ಗೋಲು ಹೊಡೆಯುವವರಿಗೆ ಈ ಕ್ಲಬ್ಬಿನಲ್ಲಿ ಬರ ಬಂದದ್ದು ಕಡಿಮೆ. ಫೆರಾನ್ ಕೊರೊಮಿನಾಸ್ ಒಬ್ಬನೇ ಮೂರು ಸೀಸನ್‌ನಲ್ಲಿ 18, 16, 14 ಅಂತ ಒಟ್ಟು 48 ಗೋಲು ಹೊಡೆದ. ಆದರೂ ಆ ಮೂರು ವರ್ಷದಲ್ಲಿ ಐಎಸ್‌ಎಲ್ ಕಪ್ಪು ನಮ್ಮ ತವರು ಮೈದಾನ ಫತೋರ್ಡಾಕ್ಕೆ ಬರಲಿಲ್ಲ. 2014ರಿಂದ 2025ರವರೆಗೂ ಬಂದಿಲ್ಲ.

ಯಾಕೆ ಬರಲಿಲ್ಲ ಅಂತ ತಿಳಿಯಬೇಕಾದರೆ ಗಡಿಯಾರ ನೋಡಬೇಕು.

2015ರ ಫೈನಲ್, ಫತೋರ್ಡಾ. 87ನೇ ನಿಮಿಷದಲ್ಲಿ ಜೋಫ್ರೆ ಫ್ರೀಕಿಕ್ಕಿನಿಂದ ಗೋವಾ 2-1 ಮುಂದೆ. 90ನೇ ನಿಮಿಷಕ್ಕೆ ಗೋವಾ ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಕೈಯಿಂದ ಸ್ವಂತ ಗೋಲು, ಅದರ ಬೆನ್ನಿಗೇ ಚೆನ್ನೈಯಿನ್ ಪರವಾಗಿ ಮೆಂಡೋಜಾ ಗೋಲು. 2-3. 2019ರ ಫೈನಲ್, ಮುಂಬೈ. ಬೆಂಗಳೂರು ಎದುರು ಹೆಚ್ಚುವರಿ ಸಮಯ ನಡೀತಿದ್ದಾಗ ನಮ್ಮ ಜಾಹೂ ಎರಡನೇ ಹಳದಿ ಕಾರ್ಡ್ ತಗೊಂಡು ಹೊರಗೆ. 117ನೇ ನಿಮಿಷಕ್ಕೆ ಬೆಂಗಳೂರಿನ ಡಿಮಾಸ್ ಹೊಡೆದ ಕಾರ್ನರ್‌ಗೆ ರಾಹುಲ್ ಭೆಕೆ ತಲೆ ಕೊಟ್ಟ. 0-1. 2024ರ ಏಪ್ರಿಲ್, ಮುಂಬೈ ಸಿಟಿ ಎದುರು ಫತೋರ್ಡಾದಲ್ಲಿ ಎರಡು ಪಂದ್ಯದ ಸೆಮಿಫೈನಲ್‌ನ ಮೊದಲ ಲೆಗ್. ಬೋರಿಸ್, ಬ್ರ್ಯಾಂಡನ್ ಗೋಲಿನಿಂದ 2-0 ಇತ್ತು. 90ನೇ ನಿಮಿಷಕ್ಕೆ ಮುಂಬೈನ ಛಾಂಗ್ಟೆ, 91ಕ್ಕೆ ವಿಕ್ರಮ್ ಪ್ರತಾಪ್, 96ಕ್ಕೆ ಮತ್ತೆ ಛಾಂಗ್ಟೆ. 2-3! 2025ರ ಏಪ್ರಿಲ್, ಸೆಮಿಫೈನಲ್‌ನಲ್ಲಿ ಮತ್ತೆ ಬೆಂಗಳೂರು. ಮೊದಲ ಲೆಗ್‌ನಲ್ಲಿ 0-2 ಸೋತಿದ್ದನ್ನು ಫತೋರ್ಡಾದಲ್ಲಿ 88ನೇ ನಿಮಿಷಕ್ಕೆ ಗೋವಾದ ಎರಡನೇ ಗೋಲು ಹೊಡೆದು ಸಾದಿಕು ಸರಿದೂಗಿಸಿದ. 92ನೇ ನಿಮಿಷಕ್ಕೆ ಸುನಿಲ್ ಛೇತ್ರಿ ತಲೆಯಿಂದ ಹೊಡೆದ ಗೋಲು. ಮುಗೀತು ಕಥೆ.

ಕೋಚ್ ಬೇರೆ, ಆಟಗಾರರು ಬೇರೆ, ಎದುರಾಳಿ ಬೇರೆ. ಕಾಯಿಲೆ ಮಾತ್ರ ಅದೇ. ಇದಕ್ಕೆ ದುರದೃಷ್ಟ ಅಂತ ಹೆಸರಿಟ್ಟು ಕೈತೊಳೆದುಕೊಳ್ಳೋದು ಸುಲಭ. (ಕೊನೇ ಬಸ್ಸು ಹಿಡಿಯಬೇಕು ಅಂತ 85ನೇ ನಿಮಿಷಕ್ಕೇ ಎದ್ದು ಹೋಗುವ ನಮ್ಮ ವಾಸ್ಕೊದ ಅಣ್ಣಂದಿರು ಬಹುಶಃ ನೆಮ್ಮದಿಯಿಂದ ಇದ್ದಾರೆ. ಅವರ ಲೆಕ್ಕದಲ್ಲಿ ಗೋವಾ ಎಷ್ಟೋ ಪಂದ್ಯ ಸೋತೇ ಇಲ್ಲ.)

ಈ ಸಲ ನಾಕೌಟ್ ಇಲ್ಲವಲ್ಲ, ಹಾಗಾದರೆ ನಮಗೇ ಲಾಭ ಅಂತ ಕೆಲವರು ಖುಷಿಯಾಗಿದ್ದಾರೆ. 14 ತಂಡ, ಪ್ರತಿ ತಂಡದ ಎದುರು ಒಂದೇ ಪಂದ್ಯ, ಒಟ್ಟು 91 ಪಂದ್ಯ. ಒಂದು ತಂಡಕ್ಕೆ 13. ಪ್ಲೇಆಫ್ ಇಲ್ಲದೆ ಪಟ್ಟಿಯ ಮೇಲಿದ್ದವರೇ ಚಾಂಪಿಯನ್. ಲೀಗ್ ಹಂತದಲ್ಲಿ ಗೋವಾ ಬಹಳ ಸಲ ಗಟ್ಟಿ ಅನ್ನೋದು ನಿಜ. 2019-20ರಲ್ಲಿ ಲೀಗ್ ಹಂತದ ಪಟ್ಟಿಯ ಮೇಲಿದ್ದವರಿಗೆ ಕೊಡುವ ಲೀಗ್ ಶೀಲ್ಡ್ ಗೆದ್ದದ್ದು ನಾವೇ. ಆದರೆ ಲೆಕ್ಕ ಹಾಕಿ ನೋಡಿ.

2024-25ರಲ್ಲಿ ಮೋಹನ್ ಬಗಾನ್ 24 ಪಂದ್ಯಕ್ಕೆ 56 ಅಂಕ ತಗೊಂಡು ಶೀಲ್ಡ್ ಗೆದ್ದಿತು. ಗೋವಾ 48 ಅಂಕದೊಂದಿಗೆ ಎರಡನೇ ಸ್ಥಾನ. ಪಂದ್ಯಕ್ಕೆ ಇಷ್ಟು ಅಂತ ತೆಗೆದರೆ ಬಗಾನ್‌ದು 2.33, ನಮ್ಮದು ಸರಿಯಾಗಿ 2. ಅದನ್ನೇ 13 ಪಂದ್ಯಕ್ಕೆ ಇಳಿಸಿದರೆ ಬಗಾನ್‌ಗೆ 30, ಗೋವಾಕ್ಕೆ 26. ಅದರ ಹಿಂದಿನ ವರ್ಷ ಬಗಾನ್ 22 ಪಂದ್ಯದಲ್ಲಿ 48 ಅಂಕಕ್ಕೆ ಶೀಲ್ಡ್ ಗೆದ್ದಿತ್ತು, ಅಂದರೆ 13ಕ್ಕೆ 28. ನಾವು ಆಗಲೂ 45 ಅಂಕ, ಅಂದರೆ 26ರ ಮೇಲೆ ಸ್ವಲ್ಪ. ಹಾಗಾಗಿ ಈ ಸಲ ಗೆಲ್ಲುವವರಿಗೆ 28ರಿಂದ 30 ಅಂಕ ಬೇಕು. ಒಂಬತ್ತು ಗೆಲುವು, ಎರಡು ಡ್ರಾ ಅಂದರೆ 29. ಸೋಲಲಿಕ್ಕೆ ಉಳಿಯೋದು ಎರಡೇ ಪಂದ್ಯ.

ಈಗ ಹಳೇ ಕಾಯಿಲೆಯನ್ನು ಈ ಲೆಕ್ಕಕ್ಕೆ ಸೇರಿಸಿ. ಗೆಲ್ಲುವ ಪಂದ್ಯ 90ನೇ ನಿಮಿಷಕ್ಕೆ ಸಮವಾದರೆ ಎರಡು ಅಂಕ ಹೋಯಿತು. ಡ್ರಾ ಆಗುವ ಪಂದ್ಯ ಸೋತರೆ ಒಂದು. ಇಡೀ ಸೀಸನ್‌ನಲ್ಲಿ ಮೊದಲನೆಯದು ಎರಡು ಸಲ, ಎರಡನೆಯದು ಒಂದು ಸಲ ಆದರೆ ಸಾಕು, 29 ಇದ್ದದ್ದು 24ಕ್ಕೆ ಬಂತು. 24 ಪಂದ್ಯದ ಲೀಗ್‌ನಲ್ಲಿ ಇದನ್ನು ತುಂಬಿಕೊಳ್ಳಲು ಜನವರಿ, ಫೆಬ್ರವರಿ ಇರುತ್ತಿತ್ತು. ಅದೇ ತಂಡ ಮತ್ತೆ ಸಿಗುತ್ತಿತ್ತು. ಈಗ ಎರಡನೇ ಸಲ ಸಿಗೋದಿಲ್ಲ.

ಹಾಗಾದರೆ ಕೊನೆಗೆ ತಪ್ಪೋದೆಲ್ಲಿ?

ಒಂದು, ಫುಲ್‌ಬ್ಯಾಕ್‌ಗಳು, ಅಂದರೆ ಎರಡು ಬದಿಯ ಡಿಫೆಂಡರ್‌ಗಳು. ಕೋಚ್ ಸೆರ್ಜಿಯೊ ಲೊಬೆರಾ ಕಾಲದಿಂದ ಗೋವಾದ ಆಟ ಚೆಂಡು ಇಟ್ಟುಕೊಂಡು ಆಡುವ ಆಟ. ಅಗಲವೆಲ್ಲ ಫುಲ್‌ಬ್ಯಾಕ್‌ಗಳದ್ದು, ವಿಂಗರ್‌ಗಳು ಒಳಗೆ ಬರುತ್ತಾರೆ. ಇಬ್ಬರೂ ಫುಲ್‌ಬ್ಯಾಕ್ ಮೇಲೆ ಹೋದಾಗ ಹಿಂದೆ ಉಳಿಯೋದು ಇಬ್ಬರು ಸೆಂಟರ್‌ಬ್ಯಾಕ್, ಅವರ ಮುಂದೆ ಒಬ್ಬ ಮಿಡ್‌ಫೀಲ್ಡರ್. ಚೆಂಡು ನಮ್ಮ ಹತ್ತಿರ ಇರುವವರೆಗೆ ಇದರಷ್ಟು ಚಂದದ ಆಟ ಇನ್ನೊಂದಿಲ್ಲ. 80 ನಿಮಿಷ ದಾಟಿದ ಮೇಲೆ ಮೇಲಕ್ಕೆ ಓಡಿದ ಫುಲ್‌ಬ್ಯಾಕ್ ವಾಪಸ್ ಬರುವಾಗ ನಾಲ್ಕು ಹೆಜ್ಜೆ ತಡ. ಛಾಂಗ್ಟೆಯಂಥವನಿಗೆ ಆ ನಾಲ್ಕು ಹೆಜ್ಜೆ ಸಾಕು.

ಅದರ ಮೇಲೆ ಗೋಲು ಹೊಡೆದ ನಂತರದ ಮೂರು ನಿಮಿಷ. 2025ರಲ್ಲಿ ಸಾದಿಕು ಗೋಲು ಆದದ್ದೇ ತಡ, ಫತೋರ್ಡಾ ಪೂರ್ತಿ ಎದ್ದು ನಿಂತಿತು. ಆ ಹುರುಪು ಮೈದಾನಕ್ಕೂ ಇಳಿಯುತ್ತದೆ. ಒಟ್ಟು ಲೆಕ್ಕ 2-2 ಆಗಿತ್ತು, ಅರ್ಧ ಗಂಟೆಯ ಹೆಚ್ಚುವರಿ ಸಮಯ ಎದುರಿಗಿತ್ತು. ಅವಸರ ಬೇಕಾಗಿರಲಿಲ್ಲ. ಆಗ ಮಾಡಬೇಕಾದದ್ದು ಬೇಸರ ಬರುವಂಥ ಕೆಲಸ: ಮುಂದಿನ ಎರಡು ಥ್ರೋ, ಒಂದು ಗೋಲ್‌ಕಿಕ್ ನಿಧಾನಕ್ಕೆ ತಗೊಳ್ಳೋದು, ಒಬ್ಬ ಫುಲ್‌ಬ್ಯಾಕ್‌ಗಾದರೂ "ಮಧ್ಯದ ಗೆರೆ ದಾಟಬೇಡ" ಅನ್ನೋದು, ಎದುರಾಳಿ ವಿಂಗರ್ ಕ್ರಾಸ್ ಹಾಕುವ ಮೊದಲು ಹತ್ತಿರ ಹೋಗಿ ನಿಲ್ಲೋದು. ಡಬ್ಬಿಯೊಳಗೆ (ಪೆನಾಲ್ಟಿ ಬಾಕ್ಸ್) ಛೇತ್ರಿಯನ್ನು ತಡೆಯೋದಕ್ಕಿಂತ ಡಬ್ಬಿಯ ಹೊರಗೆ ಕ್ರಾಸ್ ತಡೆಯೋದು ಸುಲಭ.

ಎರಡನೇದು ಬದಲಿ ಆಟಗಾರರು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ವಿಷಯ. ಐದು ಬದಲಾವಣೆ ಮಾಡಬಹುದು, ಆದರೆ ಆಟ ನಿಲ್ಲಿಸಿ ಮಾಡಲು ಸಿಗೋದು ಮೂರೇ ಅವಕಾಶ. ವಿರಾಮದಲ್ಲಿ ಮಾಡಿದ್ದು ಇದರಲ್ಲಿ ಲೆಕ್ಕಕ್ಕಿಲ್ಲ. ಜನ ಐದನ್ನು ಎಣಿಸುತ್ತಾರೆ, ಮೂರನ್ನು ಮರೆಯುತ್ತಾರೆ. 58ನೇ ನಿಮಿಷಕ್ಕೆ ಒಬ್ಬ, 66ಕ್ಕೆ ಒಬ್ಬ, 74ಕ್ಕೆ ಒಬ್ಬ ಅಂತ ಬಿಡಿಬಿಡಿಯಾಗಿ ಇಳಿಸಿದರೆ ಮೂರೂ ಅವಕಾಶ ಖಾಲಿ, ಇನ್ನೂ ಇಬ್ಬರು ಬೆಂಚಿನಲ್ಲೇ. 85ನೇ ನಿಮಿಷಕ್ಕೆ ಸೆಂಟರ್‌ಬ್ಯಾಕ್‌ಗೆ ಕಾಲು ಹಿಡಿದುಕೊಂಡಿತು ಅಂದರೆ ಅವನು ಕುಂಟುತ್ತಾ ನಿಲ್ಲಬೇಕು, ಇಲ್ಲವೇ ಹತ್ತು ಜನ ಆಡಬೇಕು. ಸರಿಯಾದ ಕ್ರಮ ಅಂದರೆ ವಿರಾಮದಲ್ಲಿ ಒಂದು, 65ರ ಹೊತ್ತಿಗೆ ಇಬ್ಬರು ಒಟ್ಟಿಗೆ, 78ಕ್ಕೆ ಒಬ್ಬ. ಕೊನೆಯ ಅವಕಾಶ, ಕೊನೆಯ ಆಟಗಾರ 88ರ ನಂತರಕ್ಕೆ ಕೈಯಲ್ಲಿರಬೇಕು. ಆ ಕೊನೆಯವನು ಸ್ಟ್ರೈಕರ್ ಆಗಬಾರದು. ಮುಂದಿದ್ದರೆ ಎತ್ತರದ ಡಿಫೆಂಡರ್, ಸಮವಿದ್ದರೆ ಚೆಂಡು ಕಸಿಯುವ ಮಿಡ್‌ಫೀಲ್ಡರ್.

ಅದಕ್ಕೇ ವಿದೇಶಿಯರ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸೋದಿಲ್ಲ. ಮೈದಾನದಲ್ಲಿ ಒಂದೇ ಹೊತ್ತಿಗೆ ನಾಲ್ಕೇ ಜನ ವಿದೇಶಿಯರು, ಉಳಿದ ಏಳು ನಮ್ಮವರು. ಆ ನಾಲ್ಕರಲ್ಲಿ ಮೂವರನ್ನು ಮುಂದೆ ಇಟ್ಟರೆ ನೋಡಲು ಹಬ್ಬ. ಆದರೆ ಡಿಫೆನ್ಸ್‌ನ ಮುಂದೆ ನಿಲ್ಲುವ ಮಿಡ್‌ಫೀಲ್ಡರ್ ಜಾಗಕ್ಕೆ ಒಬ್ಬ ಅನುಭವಿ ವಿದೇಶಿ ಬೇಕೇ ಬೇಕು. ಜಾಹೂ, ಆಮೇಲೆ ಕಾರ್ಲ್ ಮೆಕ್‌ಹ್ಯೂ ಅಲ್ಲಿದ್ದಾಗ ತಂಡಕ್ಕೊಂದು ಬೆನ್ನೆಲುಬು ಇತ್ತು. ವಿಂಗ್‌ನಲ್ಲಿ ಆಡಲು ನಮ್ಮ ಹುಡುಗರು ಸಾಕು. ಬ್ರೈಸನ್ ಫರ್ನಾಂಡಿಸ್ ಸೌದಿಯ ಅಲ್-ನಸ್ರ್‌ನಂಥ ತಂಡದ ಎದುರೇ ಫತೋರ್ಡಾದಲ್ಲಿ ಗೋಲು ಹೊಡೆದವನು.

ಇನ್ನು ಕಾರ್ನರ್. 2019ರಲ್ಲಿ ಗೋವಾಕ್ಕೆ ಆದಂತೆ ಹತ್ತು ಜನ ಉಳಿದಾಗ ಎಲ್ಲರನ್ನೂ ಹಿಂದೆ ತರೋದು ಸಹಜ. ತಪ್ಪು ಅನ್ನೋದಕ್ಕಾಗೋದಿಲ್ಲ, ಆದರೆ ಅದಕ್ಕೊಂದು ಬೆಲೆ ಇದೆ. ಮುಂದೆ ಓಡುವವರು ಯಾರೂ ಇಲ್ಲ ಅಂತ ಗೊತ್ತಾದರೆ ಎದುರಾಳಿಯ ಡಿಫೆಂಡರ್‌ಗಳೂ ನಿರ್ಭಯವಾಗಿ ಮೇಲೆ ಬರುತ್ತಾರೆ. ಭೆಕೆ ಡಿಫೆಂಡರೇ ತಾನೆ! ಕಾರ್ನರ್‌ಗೆ ವೇಗದ ಒಬ್ಬನನ್ನು ಮಧ್ಯದ ಗೆರೆಯ ಹತ್ತಿರ ಬಿಟ್ಟರೆ ಎದುರಾಳಿ ಇಬ್ಬರನ್ನು ಅವನ ಕಾವಲಿಗೆ ಇಡಬೇಕಾಗುತ್ತದೆ. ಡಬ್ಬಿಯಲ್ಲಿ ನಮ್ಮವನೊಬ್ಬ ಕಡಿಮೆ, ಅವರ ಕಡೆ ಇಬ್ಬರು ಕಡಿಮೆ.

ಇದಕ್ಕೆ ಹೊಸದೊಂದು ನಿಯಮವೂ ಸೇರಿದೆ, ಗುಂಪುಗಳಲ್ಲಿ ಯಾರೂ ಮಾತಾಡ್ತಿಲ್ಲ. 2025ರ ಜುಲೈನಿಂದ ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎದುರಾಳಿಗೆ ಕಾರ್ನರ್. ಕೊನೆಯ ಐದು ಸೆಕೆಂಡನ್ನು ರೆಫರಿ ಬೆರಳು ಮಡಚಿ ತೋರಿಸುತ್ತಾನೆ. ಹಿಂದೆ ಆರು ಸೆಕೆಂಡಿನ ನಿಯಮ ಇತ್ತು, ಆದರೆ ಶಿಕ್ಷೆ ಡಬ್ಬಿಯೊಳಗೆ ಇನ್‌ಡೈರೆಕ್ಟ್ ಫ್ರೀಕಿಕ್ ಆಗಿದ್ದರಿಂದ ರೆಫರಿಗಳು ಕೊಡಲು ಹಿಂಜರಿಯುತ್ತಿದ್ದರು. ಕಾರ್ನರ್ ಕೊಡಲು ಅಷ್ಟು ಸಂಕೋಚ ಇರೋದಿಲ್ಲ. 1-0 ಮುಂದಿದ್ದು 91ನೇ ನಿಮಿಷದಲ್ಲಿ ಚೆಂಡು ಅಪ್ಪಿಕೊಂಡು ನೆಲಕ್ಕೆ ಬೀಳುವ ಕೀಪರ್, ಈ ಸಲ ತಾನೇ ಎದುರಾಳಿಗೆ ಕಾರ್ನರ್ ಕೊಟ್ಟಂತೆ. ಹಾಗಾಗಿ ಚೆಂಡು ಹಿಡಿದ ತಕ್ಷಣ ಯಾರಿಗೆ, ಎಲ್ಲಿಗೆ ಅನ್ನೋದು ಮೊದಲೇ ಗೊತ್ತಿರಬೇಕು. ಒಂದು ಕಡೆಯ ಫುಲ್‌ಬ್ಯಾಕ್ ಗೆರೆಗೆ ಅಂಟಿಕೊಂಡು ತೆರೆದುಕೊಳ್ಳಬೇಕು, ಅದು ಮುಚ್ಚಿದ್ದರೆ ಎತ್ತರದ ಸ್ಟ್ರೈಕರ್ ಕಡೆಗೆ ಉದ್ದ ಒದೆತ. ಇದನ್ನು ತಾಲೀಮಿನಲ್ಲಿ ದಿನಾ ಮಾಡಿಸಬೇಕು, ಪಂದ್ಯದಲ್ಲಿ ಕಲಿಯಲು ಆಗೋದಿಲ್ಲ.

ಸೆಕೆ ವಿಷಯ ಹೆಚ್ಚು ಬೆಳೆಸೋದಿಲ್ಲ. ಮಾರ್ಚ್ ದಾಟಿದ ಮೇಲೆ ರಾತ್ರಿ ಫತೋರ್ಡಾದಲ್ಲಿ ಸುಮ್ಮನೆ ಕೂತರೂ ಅಂಗಿ ಒದ್ದೆಯಾಗುತ್ತೆ. ಎದುರಾಳಿಗೂ ಅದೇ ಸೆಕೆ, ಆದರೆ ಓಡಿಸುವವರು ನಾವಾಗಿರಬೇಕು. ಗಾಯದ ಲೆಕ್ಕ ಮಾತ್ರ ನೆನಪಿಡಿ. ಸಾಧಾರಣ ಹ್ಯಾಮ್‌ಸ್ಟ್ರಿಂಗ್ ಎಳೆತ ಅಂದರೂ ಮೂರು ವಾರ. ವಾರಕ್ಕೊಂದು ಪಂದ್ಯ ಅಂದುಕೊಂಡರೂ ಸೀಸನ್ನಿನ ಕಾಲುಭಾಗದ ಹತ್ತಿರ ಹೋಯಿತು.

ನಮ್ಮ ಕಡೆ ಇರುವ ಒಳ್ಳೇದನ್ನೂ ಹೇಳಬೇಕು. ಲೀಗ್ ಇಲ್ಲದೆ ಎಷ್ಟೋ ತಂಡ ತಾಲೀಮನ್ನೇ ನಿಲ್ಲಿಸಿ ಕೂತಿದ್ದಾಗ ಗೋವಾ ಆಡುತ್ತಲೇ ಇತ್ತು. 2025ರ ಆಗಸ್ಟ್‌ನಲ್ಲಿ ಒಮಾನಿನ ಅಲ್-ಸೀಬ್ ಎದುರು 2-1 ಗೆದ್ದು ಏಷ್ಯಾದ ಕ್ಲಬ್ ಟೂರ್ನಿಯ ಗುಂಪು ಹಂತಕ್ಕೆ ಹೋಯಿತು. ಅಲ್ಲಿ ಸೋಲುಂಡದ್ದೇ ಹೆಚ್ಚು, ಆದರೆ ಆ ವೇಗದಲ್ಲಿ ಆಡಿದ್ದು ಕಾಲಿಗೆ ಉಳಿದಿರುತ್ತದೆ. ಕೋಚ್ ಮನೋಲೊ ಮಾರ್ಕೆಸ್ ಕೈಕೆಳಗೆ 2025ರ ಒಂದೇ ವರ್ಷದಲ್ಲಿ ಎರಡು ಸೂಪರ್ ಕಪ್: ಮೇ ತಿಂಗಳಲ್ಲಿ ಭುವನೇಶ್ವರದಲ್ಲಿ ಜಮ್ಶೆಡ್‌ಪುರ ಎದುರು 3-0, ಡಿಸೆಂಬರ್ 7ಕ್ಕೆ ಫತೋರ್ಡಾದಲ್ಲಿ ಈಸ್ಟ್ ಬೆಂಗಾಲ್ ಎದುರು ಪೆನಾಲ್ಟಿಯಲ್ಲಿ 6-5. ಎರಡನೆಯದೇ ನನಗೆ ಮುಖ್ಯ. 120 ನಿಮಿಷ ಒಂದೂ ಗೋಲು ಬಿಟ್ಟುಕೊಡಲಿಲ್ಲ. 2021ರ ಸೆಮಿಫೈನಲ್‌ನಲ್ಲಿ ಇದೇ ಗೋವಾ ಪೆನಾಲ್ಟಿಗೆ ಅಂತಲೇ ಕೊನೆ ಗಳಿಗೆಯಲ್ಲಿ ಕೀಪರ್ ಬದಲಿಸಿ, ಮುಂಬೈ ಎದುರು ಅದೇ 6-5ರಲ್ಲಿ ಸೋತಿತ್ತು.

ಬೆಂಗಳೂರು ಎಫ್‌ಸಿ ಎದುರಿನ ಪಂದ್ಯದ ದಿನ ಯಾರ ಪರ ಅನ್ನುವ ಪ್ರಶ್ನೆ ಗುಂಪಿನಲ್ಲಿ ಬಂದೇ ಬರುತ್ತೆ. ಊರು ಹುಬ್ಬಳ್ಳಿಯೋ ಗದಗೋ ಇರಲಿ, ಉಪ್ಪು ತಿನ್ನೋದು ಗೋವಾದ್ದು. ನಾನು ಕಿತ್ತಳೆ ಬಣ್ಣ. ನೀಲಿ ಹಾಕಿಕೊಂಡು ಬರುವ ತಮ್ಮಂದಿರ ಜೊತೆ ಜಗಳ ಇಲ್ಲ, ಛೇತ್ರಿಯ ಆ 92ನೇ ನಿಮಿಷದ ವಿಡಿಯೋ ದಿನಕ್ಕೆರಡು ಸಲ ಕಳಿಸೋದು ನಿಲ್ಲಿಸಿದರೆ ಸಾಕು.

ನನ್ನ ಅಂದಾಜು 27 ಅಂಕ, ಎರಡನೇ ಅಥವಾ ಮೂರನೇ ಸ್ಥಾನ. ಮೊದಲ ನಾಲ್ಕು ಪಂದ್ಯದಲ್ಲಿ 85ನೇ ನಿಮಿಷದ ನಂತರ ಒಂದೂ ಗೋಲು ಬಿಟ್ಟುಕೊಡದಿದ್ದರೆ ಆಗ 30ರ ಮಾತಾಡೋಣ. ಕಾಮೆಂಟಿನಲ್ಲಿ ಬೈಯೋರು ಬೈಯಿರಿ, ಆದರೆ ಜೊತೆಗೆ ಇಷ್ಟನ್ನೂ ಬರೆಯಿರಿ: 1-0 ಮುಂದಿದ್ದೀರಿ, 78ನೇ ನಿಮಿಷ, ಒಂದೇ ಅವಕಾಶ, ಇಬ್ಬರು ಆಟಗಾರರು ಬಾಕಿ. ಯಾರನ್ನು ತೆಗೀತೀರಿ, ಯಾರನ್ನು ಇಳಿಸ್ತೀರಿ?